ಬೇರೆ ಒಲೆ

ಒಂದು ಕೂಟಕ್ಕೆ ಸೇರಿದವರು ಅದರ ಎಲ್ಲ ಕಟ್ಟಳೆಗಳನ್ನೂ ಒಪ್ಪಲೇಬೇಕೆ? ಅಥವಾ ತಮಗೆ ಹಿಡಿಸಿದ್ದನ್ನು ಒಪ್ಪಿ, ಹಿಡಿಸದ್ದನ್ನು ಬಿಟ್ಟು, ಆಮೇಲೂ 'ನಾವೂ ನಿಮ್ಮವರೇ' ಎಂದು ಪಂಕ್ತಿಯಲ್ಲಿ ಕೂರುವುದು ನ್ಯಾಯವೆ? ಕೇಳುವುದಕ್ಕೆ ಇದು ಯಾವುದೋ ಸಂಘದ ವಾರ್ಷಿಕ ಸಭೆಯಲ್ಲಿ ಏಳುವ ತಕರಾರಿನಂತಿದೆ. ಆದರೆ ಎರಡು ಮಹಾಯುದ್ಧಗಳನ್ನು ಕಂಡ ಯೂರೋಪಿನ ರಾಷ್ಟ್ರಗಳು ಇನ್ನು ಮುಂದೆ ಹೊಡೆದಾಡುವುದು ಬೇಡವೆಂದು ಕಟ್ಟಿಕೊಂಡ ಒಕ್ಕೂಟವನ್ನು ಕಳೆದ ಮೂವತ್ತೈದು ವರ್ಷಗಳಿಂದ ಕಾಡುತ್ತಿರುವುದು ಇದೇ ಪ್ರಶ್ನೆ. ರಾಜ್ಯಶಾಸ್ತ್ರದ ಮೇಷ್ಟ್ರಾಗಿದ್ದ ನನಗೆ ಇದು ಪಠ್ಯದಲ್ಲಿ ಒಂದು ಅಧ್ಯಾಯ. ನಿವೃತ್ತಿಯ ನಂತರ ಮಗಳ ಮನೆಗೆಂದು ಆ ಕಡೆ ಹೋಗಿಬರುವಂತಾದ ಮೇಲೆ ಮಾತ್ರ ಅದು ಮನುಷ್ಯರ ಪ್ರಶ್ನೆಯಾಗಿ ಕಾಣತೊಡಗಿತು.

ನಮ್ಮ ಕಡೆಯ ಒಟ್ಟು ಕುಟುಂಬಗಳನ್ನು ಕಂಡವರಿಗೆ ಇದರ ಒಂದು ರೂಪ ಗೊತ್ತಿದೆ. ಅಣ್ಣತಮ್ಮಂದಿರು ಒಂದೇ ಸೂರಿನ ಕೆಳಗಿರುತ್ತಾರೆ. ಜಮೀನು ಒಟ್ಟಿಗಿರುತ್ತದೆ, ಹಬ್ಬ ತಿಥಿಗಳು ಒಟ್ಟಿಗೇ ನಡೆಯುತ್ತವೆ. ಒಂದು ದಿನ ಕಿರಿಯ ಸೊಸೆ ಹಿತ್ತಲ ಕಡೆಯ ಕೋಣೆಯಲ್ಲಿ ಬೇರೆ ಒಲೆ ಹೂಡುತ್ತಾಳೆ. ಅಂದಿನಿಂದ ಊರಿನವರು ಆ ಮನೆ ಇನ್ನೆಷ್ಟು ದಿನ ಎಂದು ಲೆಕ್ಕ ಹಾಕುತ್ತಾರೆ. ನಮ್ಮ ಅನುಭವದಲ್ಲಿ ಬೇರೆ ಒಲೆಯೆಂದರೆ ಪಾಲಿನ ಮೊದಲ ಹೆಜ್ಜೆ. ಯೂರೋಪಿನವರು ಮಾಡಿ ನೋಡಿದ್ದು ಇದಕ್ಕೆ ಪೂರ್ತಿ ತಿರುಗುಮುರುಗಾದ ಪ್ರಯೋಗ. ಒಲೆ ಬೇರೆಯಾಗಲು ಬಿಟ್ಟರೆ ಮನೆ ಉಳಿದೀತು ಎಂಬುದು ಅವರ ನಂಬಿಕೆ. ಉಳಿದಿದೆಯೆ, ಉಳಿದಿದ್ದರೆ ಯಾರ ಖರ್ಚಿನಲ್ಲಿ ಉಳಿದಿದೆ ಎಂಬುದನ್ನು ಸ್ವಲ್ಪ ನೋಡಬೇಕು.

ಮೊದಲು ಮನೆಯ ನಕ್ಷೆ. ಒಕ್ಕೂಟದಲ್ಲಿ ಈಗ 27 ದೇಶಗಳಿವೆ. 2026ರ ಜನವರಿ 1ರಂದು ಬಲ್ಗೇರಿಯ ಸೇರಿದ ಮೇಲೆ ಯೂರೋ ನಾಣ್ಯ ಬಳಸುವವು 21. ಉಳಿದ ಆರು ತಮ್ಮ ತಮ್ಮ ಹಳೆಯ ನಾಣ್ಯವನ್ನೇ ಇಟ್ಟುಕೊಂಡಿವೆ. ಗಡಿಯಲ್ಲಿ ತಪಾಸಣೆಯಿಲ್ಲದೆ ಓಡಾಡಬಹುದಾದ ಷೆಂಗೆನ್ ವ್ಯವಸ್ಥೆಯ ಕತೆ ಇನ್ನೂ ವಿಚಿತ್ರ. ಒಕ್ಕೂಟದ ಒಳಗಿರುವ ಐರ್ಲೆಂಡು ಮತ್ತು ಸೈಪ್ರಸ್ಸು ಅದರ ಹೊರಗಿವೆ; ಒಕ್ಕೂಟದ ಹೊರಗಿರುವ ನಾರ್ವೆ, ಐಸ್‌ಲ್ಯಾಂಡ್, ಸ್ವಿಟ್ಜರ್ಲೆಂಡ್, ಲಿಕ್ಟನ್‌ಸ್ಟೈನ್‌ಗಳು ಅದರ ಒಳಗಿವೆ. ಆ ವ್ಯವಸ್ಥೆ ಹುಟ್ಟಿದ್ದೇ ಮನೆಯ ಹೊರಗೆ. 1985ರ ಜೂನ್ 14ರಂದು ಲಕ್ಸೆಂಬರ್ಗಿನ ಷೆಂಗೆನ್ ಎಂಬ ಹಳ್ಳಿಯ ಬಳಿ, ಮೊಸೆಲ್ ನದಿಯ ಮೇಲಿನ ಒಂದು ಹಡಗಿನಲ್ಲಿ, ಆಗಿದ್ದ ಹತ್ತು ಸದಸ್ಯರಲ್ಲಿ ಐವರು ಮಾತ್ರ ಕುಳಿತು ಸಹಿ ಹಾಕಿದರು. ಉಳಿದವರು ಒಪ್ಪುವವರೆಗೆ ಕಾಯಲು ಅವರು ಸಿದ್ಧರಿರಲಿಲ್ಲ. ಮುಂದೆ 1999ರಲ್ಲಿ ಅದು ಒಕ್ಕೂಟದ ಕಾನೂನಿನೊಳಕ್ಕೆ ಬಂತು. ಹಿತ್ತಲಿನ ಒಲೆ ನಡುಮನೆಗೆ ಬಂದ ಹಾಗೆ.

ಮಗಳಿರುವುದು ಸ್ವೀಡನ್ನಿನ ಮಾಲ್ಮೊದಲ್ಲಿ. ಅಲ್ಲಿಗೆ ಹೋಗುವವರು ಸಾಮಾನ್ಯವಾಗಿ ವಿಮಾನ ಇಳಿಯುವುದು ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ. ನಡುವೆ ಓರೆಸುಂಡ್ ಎಂಬ ಕಡಲ ಕಾಲುವೆ. ಅದರ ಮೇಲೆ 2000ದ ಜುಲೈಯಲ್ಲಿ ತೆರೆದ ಸೇತುವೆ. ರೈಲಿನಲ್ಲಿ ಕುಳಿತರೆ ಮುಕ್ಕಾಲು ಗಂಟೆಯೂ ಬೇಡ. 2018ರ ಬೇಸಿಗೆಯಲ್ಲಿ ನಾನು ಮೊದಲ ಸಲ ಹೋದಾಗ ಮಗಳು ನಿಲ್ದಾಣಕ್ಕೆ ಬಂದಿದ್ದಳು. ಅವಳ ಚೀಲದಲ್ಲಿ ಎರಡು ಪರ್ಸು. ಒಂದರಲ್ಲಿ ಡೆನ್ಮಾರ್ಕಿನ ಕ್ರೋನ, ಇನ್ನೊಂದರಲ್ಲಿ ಸ್ವೀಡನ್ನಿನ ಕ್ರೋನ. ನಾನು ಊರಿನಿಂದ ಕಷ್ಟಪಟ್ಟು ಹೊಂದಿಸಿ ತಂದಿದ್ದು ಯೂರೋ. "ಅಪ್ಪಾ, ಅದು ಎರಡು ಕಡೆಯೂ ನಡೆಯೋದಿಲ್ಲ, ಒಳಗಿಡು" ಎಂದಳು. ಸೇತುವೆ ದಾಟಿದ ಮೇಲಿನ ಮೊದಲ ನಿಲ್ದಾಣ ಹಿಲ್ಲೀಯಲ್ಲಿ ಸ್ವೀಡನ್ನಿನ ಪೊಲೀಸರು ಡಬ್ಬಿಯೊಳಗೆ ಬಂದು ಎಲ್ಲರ ಗುರುತಿನ ಚೀಟಿ ನೋಡಿದರು. ಎರಡು ದೇಶವೂ ಒಕ್ಕೂಟದ ಸದಸ್ಯರು, ಎರಡೂ ಷೆಂಗೆನ್ನಿನಲ್ಲಿವೆ, ನಡುವೆ ತಪಾಸಣೆ ಇರಬಾರದು. ಆದರೆ 2015ರ ನವೆಂಬರಿನಲ್ಲಿ ನಿರಾಶ್ರಿತರು ದೊಡ್ಡ ಸಂಖ್ಯೆಯಲ್ಲಿ ಬಂದಾಗ ಸ್ವೀಡನ್ 'ತಾತ್ಕಾಲಿಕ' ಎಂದು ಶುರು ಮಾಡಿದ ತಪಾಸಣೆ ಮೂರನೆಯ ವರ್ಷದಲ್ಲೂ ತಾತ್ಕಾಲಿಕವಾಗಿಯೇ ಮುಂದುವರಿದಿತ್ತು. ಸರಕಾರಗಳ ಬಾಯಲ್ಲಿ ಆ ಪದಕ್ಕೆ ಎಲ್ಲ ದೇಶದಲ್ಲೂ ಒಂದೇ ಅರ್ಥವೆಂದು ಕಾಣುತ್ತದೆ. ಪೊಲೀಸರು ಸೌಜನ್ಯದಿಂದಲೇ ನೋಡಿದರು, ದೂರುವಂಥದ್ದೇನೂ ಇರಲಿಲ್ಲ. ನನಗೆ ಕುತೂಹಲ ಹುಟ್ಟಿಸಿದ್ದು ಅಕ್ಕಪಕ್ಕದ ಆ ಎರಡು ದೇಶಗಳು ಯೂರೋವನ್ನು ಬೇಡವೆಂದ ಬಗೆ. ಎರಡೂ ಬೇಡವೆಂದವು. ಆದರೆ ಹೇಳಿದ ರೀತಿ ಬೇರೆ. ನೀತಿಯ ದೃಷ್ಟಿಯಿಂದ ನೋಡಿದರೆ ಅಜಗಜಾಂತರ.

ಡೆನ್ಮಾರ್ಕಿನದು ಬರೆದಿಟ್ಟ 'ಒಲ್ಲೆ'. ಸಮಾನ ನಾಣ್ಯ, ಸಮಾನ ಪೌರತ್ವ ಎಲ್ಲವನ್ನೂ ತರುವ ಮಾಸ್ತ್ರಿಕ್ಟ್ ಒಪ್ಪಂದವನ್ನು 1992ರ ಜೂನ್ 2ರಂದು ಅಲ್ಲಿನ ಜನರ ಮುಂದಿಟ್ಟಾಗ ಶೇಕಡ 50.7 ಮಂದಿ ಬೇಡವೆಂದರು. ಅಂದಿನ ಹನ್ನೆರಡು ಸದಸ್ಯರಲ್ಲಿ ಒಬ್ಬರು ಒಪ್ಪದಿದ್ದರೂ ಒಪ್ಪಂದ ಜಾರಿಗೆ ಬರುವಂತಿರಲಿಲ್ಲ. ಆಗ ಇದ್ದ ದಾರಿ ಎರಡು: ಐವತ್ತು ಲಕ್ಷ ಜನರ ಆ ಪುಟ್ಟ ದೇಶವನ್ನು ಹೊರಗೆ ಹಾಕುವುದು, ಇಲ್ಲವೆ ಎಲ್ಲರೂ ನಿಲ್ಲುವುದು. ಡಿಸೆಂಬರಿನಲ್ಲಿ ಎಡಿನ್‌ಬರೊದಲ್ಲಿ ಸೇರಿದ ನಾಯಕರು ಮೂರನೆಯದನ್ನು ಕಂಡುಕೊಂಡರು. ನಾಣ್ಯ, ರಕ್ಷಣೆ, ನ್ಯಾಯ ಮತ್ತು ಪೊಲೀಸು, ಪೌರತ್ವ—ಈ ನಾಲ್ಕು ವಿಷಯಗಳಲ್ಲಿ ಡೆನ್ಮಾರ್ಕಿಗೆ ವಿನಾಯಿತಿ. 1993ರ ಮೇ 18ರಂದು ಮತ್ತೆ ಮತ ಕೇಳಿದಾಗ ಶೇಕಡ 56.7 ಮಂದಿ ಒಪ್ಪಿದರು. ಒಪ್ಪದವರ ಸಿಟ್ಟು ಆ ರಾತ್ರಿ ಕೋಪನ್‌ಹೇಗನ್ನಿನ ನೊರೆಬ್ರೊ ಬಡಾವಣೆಯಲ್ಲಿ ಬೀದಿಗಿಳಿಯಿತು. ಪೊಲೀಸರು ಗುಂಡು ಹಾರಿಸಿದರು, ಜನ ಗಾಯಗೊಂಡರು.

ಜನ ಬೇಡವೆಂದ ಮೇಲೆ ಮತ್ತೊಮ್ಮೆ ಕೇಳುವುದೆಂದರೆ ಹೌದೆನ್ನುವವರೆಗೆ ಕೇಳುವುದಲ್ಲವೆ ಎಂಬ ಆಕ್ಷೇಪ ಅಂದಿನಿಂದ ಇದೆ. ಐರ್ಲೆಂಡಿನಲ್ಲಿ 2001ರ ಇಲ್ಲ 2002ರಲ್ಲಿ ಹೌದಾಯಿತು, 2008ರ ಇಲ್ಲ 2009ರಲ್ಲಿ ಹೌದಾಯಿತು. ಮಗಳ ಸಹೋದ್ಯೋಗಿಯೊಬ್ಬರ ತಾಯಿ, ನಿವೃತ್ತ ಶಾಲಾಶಿಕ್ಷಕಿ, ಡೆನ್ಮಾರ್ಕಿನವರು. ಒಂದು ಭಾನುವಾರ ಅವರ ಮನೆಯಲ್ಲಿ ಕಾಫಿ ಕುಡಿಯುತ್ತ ಈ ಮಾತು ತೆಗೆದೆ. ತಾನು ಮೊದಲ ಸಲ ವಿರುದ್ಧವಾಗಿಯೂ ಎರಡನೆಯ ಸಲ ಪರವಾಗಿಯೂ ಮತ ಹಾಕಿದ್ದಾಗಿ ಅವರು ಹೇಳಿದರು. "ಒಂದೇ ವರ್ಷದಲ್ಲಿ ಮನಸ್ಸು ಬದಲಾಯಿತೆ?" ಎಂದು ಕೇಳಿದೆ. "ಇಲ್ಲ. ಎರಡು ಸಲವೂ ನಾನು ಹೇಳಿದ್ದು ಒಂದೇ ಮಾತು. ಮೊದಲ ಸಲ ಅವರಿಗೆ ಕೇಳಿಸಿರಲಿಲ್ಲ" ಎಂದರು. ಈ ಉತ್ತರ ನನಗೆ ಬಹಳ ಹಿಡಿಸಿತು. ಒಲ್ಲೆ ಎಂದವನನ್ನು ಓಲೈಸುವುದು ಬೇರೆ, ಅವನು ಏನನ್ನು ಒಲ್ಲೆ ಎಂದನೋ ಅದನ್ನು ತಟ್ಟೆಯಿಂದ ತೆಗೆದು ಮತ್ತೆ ಕರೆಯುವುದು ಬೇರೆ. ಎರಡನೆಯದರಲ್ಲಿ ಮರ್ಯಾದೆಯಿದೆ.

ಆ ಮರ್ಯಾದೆಯ ಒಳಗೆ ಎಷ್ಟು ಸ್ವಾತಂತ್ರ್ಯವಿದೆ ಎಂಬುದು ಮಾತ್ರ ಅನುಮಾನ. ಡೆನ್ಮಾರ್ಕ್ ತನ್ನ ಕ್ರೋನವನ್ನು ಯೂರೋಗೆ ಗಂಟು ಹಾಕಿದೆ. ಬೆಲೆ ನಿಗದಿಯಾದ ಅಂಕಿಯಿಂದ ಹೆಚ್ಚೆಂದರೆ ಶೇಕಡ 2.25ರಷ್ಟು ಮೇಲೆ ಕೆಳಗೆ ಹೋಗಬಹುದು. ಹಾಗಾಗಿ ಫ್ರಾಂಕ್‌ಫರ್ಟಿನ ಕೇಂದ್ರ ಬ್ಯಾಂಕು ಬಡ್ಡಿದರ ಬದಲಿಸಿದರೆ ಕೋಪನ್‌ಹೇಗನ್ನಿನ ಬ್ಯಾಂಕೂ ಸಾಮಾನ್ಯವಾಗಿ ಅದರ ಹಿಂದೆಯೇ ಹೆಜ್ಜೆ ಹಾಕುತ್ತದೆ. ಫ್ರಾಂಕ್‌ಫರ್ಟಿನಲ್ಲಿ ನಿರ್ಧಾರ ಮಾಡುವ ಮೇಜಿನ ಸುತ್ತ ಮಾತ್ರ ಡೆನ್ಮಾರ್ಕಿಗೆ ಕುರ್ಚಿಯಿಲ್ಲ. ಒಲೆ ಬೇರೆ, ಅಡಿಗೆ ಅದೇ, ಏನು ಅಡಿಗೆಯೆಂದು ತೀರ್ಮಾನಿಸುವ ಮಾತಿಲ್ಲ! ಹಾಗಿದ್ದೂ 2000ದಲ್ಲಿ ಮತ್ತೆ ಕೇಳಿದಾಗ ಶೇಕಡ 53.2 ಮಂದಿ ಯೂರೋ ಬೇಡವೆಂದರು. ಲೆಕ್ಕದ ಪ್ರಕಾರ ಇದು ಅವಿವೇಕವೆನಿಸಬಹುದು. ಆದರೆ ಮನುಷ್ಯ ತಾನಾಗಿ ಇಟ್ಟ ಹೆಜ್ಜೆಗೂ ಇಡಲೇಬೇಕಾದ ಹೆಜ್ಜೆಗೂ ವ್ಯತ್ಯಾಸ ಕಾಣುತ್ತಾನೆ, ಎರಡೂ ಒಂದೇ ಜಾಗಕ್ಕೆ ಒಯ್ಯುತ್ತಿದ್ದರೂ ಸಹ. ಉಕ್ರೇನಿನ ಮೇಲೆ ರಷ್ಯ ದಂಡೆತ್ತಿ ಹೋದ ಮೇಲೆ, 2022ರ ಜೂನ್ 1ರಂದು, ಇದೇ ಜನ ಶೇಕಡ 67ರಷ್ಟು ಮತದಿಂದ ರಕ್ಷಣೆಯ ವಿಷಯದ ವಿನಾಯಿತಿಯನ್ನು ತಾವಾಗಿಯೇ ಬಿಟ್ಟುಕೊಟ್ಟರು. ಯಾರೂ ಬಲವಂತ ಮಾಡಿರಲಿಲ್ಲ.

ಸ್ವೀಡನ್ನಿನದು ಬೇರೆಯೇ ಕತೆ. 1995ರಲ್ಲಿ ಒಕ್ಕೂಟ ಸೇರುವಾಗ ಅದು ಯಾವ ವಿನಾಯಿತಿಯನ್ನೂ ಪಡೆಯಲಿಲ್ಲ. ಅರ್ಹತೆ ಬಂದಾಗ ಯೂರೋ ಸೇರುವೆನೆಂದು ಕಾನೂನಿನ ಪ್ರಕಾರ ಬದ್ಧವಾಯಿತು. 2003ರ ಸೆಪ್ಟೆಂಬರ್ 14ರಂದು ಜನಮತಗಣನೆ ನಡೆಯಿತು. ಅದಕ್ಕೆ ನಾಲ್ಕು ದಿನ ಮೊದಲು, ಯೂರೋ ಪರವಾಗಿ ಓಡಾಡುತ್ತಿದ್ದ ವಿದೇಶಾಂಗ ಸಚಿವೆ ಅನ್ನಾ ಲಿಂಡ್ ಅವರನ್ನು ಸ್ಟಾಕ್‌ಹೋಮಿನ ಅಂಗಡಿಯೊಂದರಲ್ಲಿ ಒಬ್ಬ ಇರಿದ. ಮರುದಿನ ಅವರು ತೀರಿಕೊಂಡರು. ಅಂಥ ಶೋಕದ ನಡುವೆಯೂ ಮತದಾನ ಮುಂದೆ ಹೋಗಲಿಲ್ಲ. ಮರುಕದ ಅಲೆ ಏಳಬಹುದೆಂದು ಎಷ್ಟೋ ಮಂದಿ ಎಣಿಸಿದ್ದರು, ಅದೂ ಏಳಲಿಲ್ಲ, ಶೇಕಡ 55.9 ಮಂದಿ ಬೇಡವೆಂದರು. ಜನರ ಮಾತು ಸ್ಪಷ್ಟ. ಕಾನೂನಿನ ಮಾತೂ ಸ್ಪಷ್ಟ. ಎರಡೂ ಒಂದಕ್ಕೊಂದು ವಿರುದ್ಧ. ಆಗ ಹುಡುಕಿದ ಉಪಾಯ ಹೀಗಿದೆ: ಯೂರೋ ಸೇರುವ ಮುನ್ನ ಎರಡು ವರ್ಷ ವಿನಿಮಯ ದರದ ಒಂದು ಪೂರ್ವ ವ್ಯವಸ್ಥೆಯಲ್ಲಿರಬೇಕು, ಆ ವ್ಯವಸ್ಥೆಗೆ ಸೇರುವುದು ಮಾತ್ರ ಐಚ್ಛಿಕ. ಸ್ವೀಡನ್ ಅದಕ್ಕೆ ಸೇರುವುದೇ ಇಲ್ಲ, ಹಾಗಾಗಿ ಅರ್ಹತೆ ಬರುವುದೇ ಇಲ್ಲ, ಹಾಗಾಗಿ ಮಾತು ಮುರಿದಂತೆಯೂ ಆಗುವುದಿಲ್ಲ. ಎಲ್ಲರಿಗೂ ಗೊತ್ತು, ಯಾರೂ ಕೇಳುವುದಿಲ್ಲ.

ಕೊಟ್ಟವನಿಗೂ ಪಡೆದವನಿಗೂ ನಡೆಯುವುದಿಲ್ಲವೆಂದು ಗೊತ್ತಿರುವ ಮಾತು ಸುಳ್ಳೆ? ಮೋಸಹೋದವರು ಯಾರೂ ಇಲ್ಲವಾದ್ದರಿಂದ ಸುಳ್ಳಲ್ಲ ಎನ್ನಬಹುದು. ನನಗೆ ಹಾಗನ್ನಿಸುವುದಿಲ್ಲ. ಡೆನ್ಮಾರ್ಕಿನ ಒಲ್ಲೆ ಒಂದು ಗೆರೆ ಎಳೆಯುತ್ತದೆ. ಗೆರೆಯ ಈಚೆ ಇರುವುದೆಲ್ಲ ನಿಜವಾಗಿ ಒಪ್ಪಿದ್ದು ಎಂಬುದು ಅದರಿಂದಲೇ ಖಾತ್ರಿಯಾಗುತ್ತದೆ. ಸ್ವೀಡನ್ನಿನ ಒಪ್ಪಿಗೆಯಲ್ಲಿ ಆ ಗೆರೆಯಿಲ್ಲ. 2004ರಲ್ಲಿ ಸೇರಿದ ಪೋಲೆಂಡ್, ಚೆಕ್, ಹಂಗೇರಿಗಳೂ ಯೂರೋ ವಿಷಯದಲ್ಲಿ ಅದೇ ದಾರಿ ಹಿಡಿದಿವೆ. ಒಂದು ಮಾತನ್ನು ಹಗುರವಾಗಿ ಹಿಡಿಯಲು ಕಲಿತ ಮನೆಯಲ್ಲಿ ಮಿಕ್ಕ ಮಾತುಗಳಿಗೆ ಎಷ್ಟು ತೂಕ ಉಳಿದೀತು?

'ಸಡಿಲಿಕೆ' ಎಂಬ ಪದದೊಳಗೆ ಒಂದಲ್ಲ ಎರಡು ವಸ್ತುಗಳಿವೆ ಎಂಬುದು 1994ರಲ್ಲೇ ಬಯಲಾಗಿತ್ತು. ಆ ವರ್ಷದ ಸೆಪ್ಟೆಂಬರ್ 1ರಂದು ಜರ್ಮನಿಯ ಆಳುವ ಪಕ್ಷದ ಇಬ್ಬರು ಪ್ರಮುಖರು, ವೋಲ್ಫ್‌ಗಾಂಗ್ ಷಾಯ್ಬ್ಲೆ ಮತ್ತು ಕಾರ್ಲ್ ಲಾಮರ್ಸ್, ಒಂದು ಟಿಪ್ಪಣಿ ಹೊರತಂದರು. ಮುಂದೆ ಹೋಗಬಲ್ಲ ದೇಶಗಳ ಒಂದು ಗಟ್ಟಿ ತಿರುಳು ಬೇಕು, ಹಿಂದುಳಿದವರು ಅದನ್ನು ತಡೆಯುವಂತಾಗಬಾರದು ಎಂಬುದು ಅದರ ಸಾರ. ತಿರುಳಿನಲ್ಲಿ ಇರಬೇಕಾದ ಐದು ದೇಶಗಳ ಹೆಸರನ್ನೂ ಬರೆದಿದ್ದರು: ಜರ್ಮನಿ, ಫ್ರಾನ್ಸ್, ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್. 1957ರಲ್ಲಿ ಮೂಲ ಒಪ್ಪಂದಕ್ಕೆ ಸಹಿ ಬಿದ್ದದ್ದೇ ರೋಮಿನಲ್ಲಿ. ಆದರೂ ಇಟಲಿಯ ಹೆಸರು ಪಟ್ಟಿಯಲ್ಲಿರಲಿಲ್ಲ. ಇಟಲಿಯವರಿಗೆ ಎಷ್ಟು ನೋವಾಗಿರಬೇಕೆಂದು ಹೇಳಬೇಕಿಲ್ಲ. ಒಂದೇ ವಾರದಲ್ಲಿ ಬ್ರಿಟನ್ನಿನ ಪ್ರಧಾನಿ ಜಾನ್ ಮೇಜರ್ ಲೈಡನ್ ನಗರದಲ್ಲಿ ಇದಕ್ಕೆ ಉತ್ತರ ಕೊಟ್ಟರು. ತಮ್ಮ ದೇಶಕ್ಕೆ ಹಲವು ವಿನಾಯಿತಿ ಪಡೆದವರು ಅವರು. ಆದರೂ ಒಳಪಂಕ್ತಿ ಹೊರಪಂಕ್ತಿ ಎಂಬ ಏರ್ಪಾಡು ತಮಗೆ ಒಪ್ಪಿಗೆಯಿಲ್ಲವೆಂದರು. ಇದನ್ನು ಬರಿಯ ಸ್ವಾರ್ಥವೆಂದು ತಳ್ಳಿಹಾಕುವವರಿದ್ದಾರೆ. ನನಗೆ ಅದರಲ್ಲಿ ಹುರುಳು ಕಾಣುತ್ತದೆ. ನಾನಾಗಿ ಎದ್ದುಹೋಗಿ ಬೇರೆ ಒಲೆ ಹೂಡುವುದು ಒಂದು. ನಿನ್ನ ಎಲೆ ಜಗಲಿಯ ಮೇಲೆ ಎಂದು ಹೇಳಿಸಿಕೊಳ್ಳುವುದು ಇನ್ನೊಂದು. ಹೊರಗಿನಿಂದ ನೋಡುವವರಿಗೆ ಎರಡು ಕಡೆಯೂ ಕಾಣುವುದು ಬೇರೆ ಕುಳಿತು ಉಣ್ಣುವ ಮನುಷ್ಯನೇ.

ಮೊದಲನೆಯ ಬಗೆಯ ಸಡಿಲಿಕೆ ಚೆನ್ನಾಗಿ ನಡೆದ ಒಂದು ಉದಾಹರಣೆ ವಿವಾಹ ವಿಚ್ಛೇದನದ್ದು. ಬೇರೆ ಬೇರೆ ದೇಶದ ಗಂಡಹೆಂಡಿರು ಬೇರೆಯಾಗುವಾಗ ಯಾವ ದೇಶದ ಕಾನೂನು ಅನ್ವಯಿಸಬೇಕು? ಈ ಬಗ್ಗೆ ಎಲ್ಲರಿಗೂ ಒಂದೇ ನಿಯಮ ಮಾಡಹೊರಟಾಗ ಸ್ವೀಡನ್ ಒಪ್ಪಲಿಲ್ಲ. ಅಲ್ಲಿ ವಿಚ್ಛೇದನ ಸುಲಭ. ತಮ್ಮ ನ್ಯಾಯಾಲಯ ಯಾವುದೋ ದೇಶದ ಬಿಗಿ ಕಾನೂನನ್ನು ಅನ್ವಯಿಸಿ ಹೆಣ್ಣೊಬ್ಬಳನ್ನು ಬೇಡದ ಮದುವೆಯಲ್ಲಿ ಕಟ್ಟಿಹಾಕುವಂತಾದರೆ ಎಂಬ ಭಯ. ಸರ್ವಾನುಮತ ಬೇಕಿದ್ದ ವಿಷಯವಾದ್ದರಿಂದ ಕೆಲಸ ನಿಂತಿತು. ಒಂಬತ್ತು ದೇಶಗಳಾದರೂ ಸೇರಿದರೆ ಅವು ಒಕ್ಕೂಟದ ಚೌಕಟ್ಟಿನೊಳಗೇ ಮುಂದೆ ಹೋಗಬಹುದು, ಬಾಗಿಲು ಮಾತ್ರ ಉಳಿದವರಿಗೆ ಯಾವತ್ತೂ ತೆರೆದಿರಬೇಕು ಎಂದು ಒಪ್ಪಂದದಲ್ಲಿ ಒಂದು ಅವಕಾಶವಿದೆ. ಅದನ್ನು ಮೊದಲ ಬಾರಿಗೆ ಬಳಸಿ 2010ರಲ್ಲಿ ಹದಿನಾಲ್ಕು ದೇಶಗಳು ತಮ್ಮೊಳಗೆ ನಿಯಮ ಮಾಡಿಕೊಂಡವು. ತಮಾಷೆಯೆಂದರೆ ಆ ಹದಿನಾಲ್ಕರಲ್ಲಿ ಮಾಲ್ಟಾ ಸಹ ಇತ್ತು. ಆ ದೇಶದಲ್ಲಿ ಆಗಿನ್ನೂ ವಿಚ್ಛೇದನದ ಕಾನೂನೇ ಇರಲಿಲ್ಲ, ಬಂದದ್ದು 2011ರಲ್ಲಿ. ಮುಂದೆ ಲಿಥುವೇನಿಯ, ಗ್ರೀಸ್, ಎಸ್ಟೋನಿಯಗಳು ತಾವಾಗಿ ಬಂದು ಸೇರಿಕೊಂಡವು. ಸೇರದ ಸ್ವೀಡನ್ನಿಗೆ ನಷ್ಟವಾಗಲಿಲ್ಲ, ಸೇರಿದವರಿಗೆ ಅಡ್ಡಿಯಾಗಲಿಲ್ಲ.

ಇನ್ನು ಎರಡನೆಯ ಬಗೆ. ಬಲ್ಗೇರಿಯ ಮತ್ತು ರುಮೇನಿಯ 2007ರಲ್ಲಿ ಒಕ್ಕೂಟಕ್ಕೆ ಸೇರಿದವು. ಷೆಂಗೆನ್ನಿಗೆ ಬೇಕಾದ ಗಡಿಕಾವಲು, ಕಂಪ್ಯೂಟರ್ ಜಾಲ ಎಲ್ಲವನ್ನೂ ಕಟ್ಟಿದವು. ಅವು ಸಿದ್ಧವಾಗಿವೆಯೆಂದು 2011ರಲ್ಲಿ ಐರೋಪ್ಯ ಸಂಸತ್ತೂ ಒಪ್ಪಿತು. ಆದರೆ ಒಬ್ಬ ಸದಸ್ಯ ಬೇಡವೆಂದರೂ ಬಾಗಿಲು ತೆರೆಯುವಂತಿಲ್ಲ. ನೆದರ್ಲೆಂಡ್ಸ್ ಬೇಡವೆಂದಿತು, ಬೇರೆ ಬೇರೆ ಹೊತ್ತಿನಲ್ಲಿ ಬೇರೆಯವರೂ ಅಡ್ಡಿ ತೆಗೆದರು. 2022ರ ಡಿಸೆಂಬರಿನಲ್ಲಿ ಕ್ರೊಯೇಷಿಯವನ್ನು ಒಳಗೆ ಬಿಟ್ಟುಕೊಳ್ಳಲು ಒಪ್ಪಿದರು. ಒಕ್ಕೂಟಕ್ಕೆ ಅದು ಸೇರಿದ್ದು ಆರು ವರ್ಷ ತಡವಾಗಿ, 2013ರಲ್ಲಿ. ಇವೆರಡಕ್ಕೆ ಮಾತ್ರ ಆಸ್ಟ್ರಿಯ ಅಡ್ಡ ನಿಂತಿತು. ವಿಮಾನ ಮತ್ತು ಹಡಗಿನಲ್ಲಿ ಬರುವವರಿಗೆ 2024ರ ಮಾರ್ಚ್ 31ರಂದು, ರಸ್ತೆ ರೈಲಿನವರಿಗೆ 2025ರ ಜನವರಿ 1ರಂದು ಕೊನೆಗೂ ಬಾಗಿಲು ತೆರೆಯಿತು. ಹದಿಮೂರು ವರ್ಷಕ್ಕಿಂತ ಹೆಚ್ಚು ಕಾಲ ಅವುಗಳ ಲಾರಿಗಳು ಗಡಿಗಳಲ್ಲಿ ಸಾಲುಗಟ್ಟಿ ನಿಂತವು. ಡ್ಯಾನ್ಯೂಬ್ ನದಿಯ ಎರಡು ದಡದ ಊರುಗಳಾದ ರೂಸೆ ಮತ್ತು ಜುರ್ಜುಗಳ ನಡುವಿನ ಸೇತುವೆಯಲ್ಲೂ ಅದೇ ಪಾಡು. ಓರೆಸುಂಡ್ ಸೇತುವೆಯ ಮೇಲೆ ನಮ್ಮ ರೈಲು ನಿಂತದ್ದು ಕೆಲವು ನಿಮಿಷ. ಈ ಸೇತುವೆಯಲ್ಲಿ ಲಾರಿ ಚಾಲಕರ ಬದುಕಿನ ಗಂಟೆಗಳು, ದಿನಗಳು ಹೋಗುತ್ತಿದ್ದವು.

ತಡೆದವರ ಮಾತಿನಲ್ಲಿ ಸತ್ಯವೇ ಇರಲಿಲ್ಲ ಎನ್ನಲಾರೆ. ಆ ಎರಡು ದೇಶಗಳಲ್ಲಿ ಲಂಚಗುಳಿತನವಿತ್ತು, ನ್ಯಾಯಾಂಗದ ಬಗ್ಗೆ ಸಂಶಯಗಳಿದ್ದವು. ಒಳಗಿನ ಬೇಲಿ ತೆಗೆದ ಮೇಲೆ ಊರ ಹೊರಗಿನ ಬಾಗಿಲು ಕಾಯುವವನು ಎಂಥವನು ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ. ಆದರೆ ಮೊದಲು ಹೇಳಿದ ಷರತ್ತು ಪೂರೈಸಿದ ಮೇಲೆ ಹೊಸ ಷರತ್ತು ಹೇಳುವುದು, ಅದನ್ನೂ ಪೂರೈಸುವಷ್ಟರಲ್ಲಿ ತನ್ನ ದೇಶದ ಚುನಾವಣೆಯ ಕಡೆ ಕಣ್ಣು ಹಾಯಿಸುವುದು ಬೇರೆ. ಡೆನ್ಮಾರ್ಕ್ 'ಬರುವುದಿಲ್ಲ' ಎಂದಾಗ ಸುಮಾರು ಆರು ತಿಂಗಳಲ್ಲಿ ಹನ್ನೆರಡು ದೇಶಗಳ ನಾಯಕರು ಕುಳಿತು ದಾರಿ ಹುಡುಕಿದರು. ಬಲ್ಗೇರಿಯ 'ಬರುತ್ತೇವೆ' ಎಂದಾಗ ಹದಿಮೂರು ವರ್ಷ ಹಿಡಿಯಿತು. ಎರಡನ್ನೂ ಒಂದೇ ಸಡಿಲಿಕೆಯ ಉದಾಹರಣೆಗಳೆಂದು ಪಂಡಿತರು ಒಂದೇ ಕೋಷ್ಟಕದಲ್ಲಿ ಬರೆಯುತ್ತಾರೆ. ಅದು ಭಾಷೆಗೆ ಮಾಡಿದ ಅನ್ಯಾಯ. ಬಲವಿದ್ದವನ ಇಲ್ಲಕ್ಕೆ ವಿನಾಯಿತಿಯೆಂದೂ ಬಲವಿಲ್ಲದವನ ಹೌದಿಗೆ ಕಾಯುವ ಸಾಲೆಂದೂ ಎರಡು ಹೆಸರು ಇರುವುದೇ ವಾಸಿ. 2004ರಲ್ಲಿ ಪೂರ್ವ ಯೂರೋಪಿನ ಎಂಟು ದೇಶಗಳು ಸೇರಿದಾಗಲೂ ಹೀಗೇ ಆಯಿತು. ಅವರ ಸರಕಿಗೆ, ಬಂಡವಾಳಕ್ಕೆ ಎಲ್ಲ ಕಡೆ ಬಾಗಿಲು ತೆರೆಯಿತು. ಅವರ ಕೆಲಸಗಾರರಿಗೆ ಮೊದಲ ದಿನವೇ ಬಾಗಿಲು ತೆರೆದವು ಬ್ರಿಟನ್, ಐರ್ಲೆಂಡ್, ಸ್ವೀಡನ್ ಮಾತ್ರ. ಜರ್ಮನಿ, ಆಸ್ಟ್ರಿಯಗಳು 2011ರವರೆಗೆ ಕಾಯಿಸಿದವು.

ನಮ್ಮ ದೇಶದ ಸಂವಿಧಾನದಲ್ಲೂ ಎಲ್ಲರಿಗೂ ಒಂದೇ ಅಳತೆಯಿಲ್ಲ. 371ನೆಯ ವಿಧಿಯ ಅಡಿಯಲ್ಲಿ ಹಲವು ರಾಜ್ಯಗಳಿಗೆ ವಿಶೇಷ ಏರ್ಪಾಡುಗಳಿವೆ. ಈಗ ಕಲ್ಯಾಣ ಕರ್ನಾಟಕವೆಂದು ಕರೆಯುವ ಭಾಗಕ್ಕೆ 98ನೆಯ ತಿದ್ದುಪಡಿಯಿಂದ ಬಂದ 371ಜೆ ಅಂಥದ್ದು. ಆದರೆ ಅದರ ಮುಖ ಇನ್ನೊಂದು ದಿಕ್ಕಿಗಿದೆ. ಅದು ದೂರ ಇರಲು ಕೊಟ್ಟ ಅನುಮತಿಯಲ್ಲ, ಹಿಂದೆ ಬಿದ್ದವರು ಬಂದು ಸೇರಿಕೊಳ್ಳಲೆಂದು ಮಾಡಿದ ವ್ಯತ್ಯಾಸ. ಯೂರೋಪಿನಲ್ಲಿ ಈ ಬಗೆಯದು ಇಲ್ಲವೆಂದಲ್ಲ. ಮಾಸ್ತ್ರಿಕ್ಟ್ ಒಪ್ಪಂದದ ಜೊತೆಗೇ ಬಂದ ನಿಧಿಯೊಂದರಿಂದ ಮೊದಲು ಗ್ರೀಸ್, ಪೋರ್ಚುಗಲ್, ಸ್ಪೇನ್, ಐರ್ಲೆಂಡುಗಳು, ಮುಂದೆ ಪೂರ್ವದ ದೇಶಗಳು ರಸ್ತೆ, ಸೇತುವೆ ಕಟ್ಟಿಕೊಂಡಿವೆ.

ಬ್ರಿಟನ್ನಿನ ಹೆಸರೆತ್ತದೆ ಈ ಮಾತು ಪೂರ್ತಿಯಾಗದು. ನಾಣ್ಯದಿಂದ ವಿನಾಯಿತಿ, ಷೆಂಗೆನ್ನಿನಿಂದ ವಿನಾಯಿತಿ, ಪೊಲೀಸು ನ್ಯಾಯದ ವಿಷಯಗಳಲ್ಲಿ ಬೇಕಾದ್ದನ್ನು ಆರಿಸಿಕೊಳ್ಳುವ ಸೌಲಭ್ಯ. ಕೊನೆಗೆ 2016ರ ಫೆಬ್ರವರಿಯಲ್ಲಿ, ಮೂಲ ಒಪ್ಪಂದದಲ್ಲಿರುವ 'ದಿನದಿನಕ್ಕೂ ಹತ್ತಿರವಾಗುವ' ಸಂಕಲ್ಪವೂ ತನಗೆ ಅನ್ವಯಿಸದೆಂಬ ಭರವಸೆ. ಇಷ್ಟೆಲ್ಲ ಸಿಕ್ಕಿದ ಮೇಲೂ ಜೂನಿನಲ್ಲಿ ಶೇಕಡ 51.9 ಮಂದಿ ಹೊರಗೆ ಹೋಗುವುದಕ್ಕೆ ಮತ ಹಾಕಿದರು. 2020ರ ಜನವರಿ 31ರಂದು ಹೊರಟೂ ಹೋಯಿತು. 'ನೋಡಿ, ಬೇರೆ ಒಲೆ ಕೊಟ್ಟಿದ್ದೇ ತಪ್ಪು' ಎಂದು ಕೆಲವರು. ಹಾಗಾದರೆ ಡೆನ್ಮಾರ್ಕ್ ಏಕೆ ಹೋಗಲಿಲ್ಲ? 'ಇನ್ನಷ್ಟು ಕೊಡಬೇಕಿತ್ತು' ಎಂದು ಬೇರೆ ಕೆಲವರು. ಇನ್ನೇನು ಉಳಿದಿತ್ತು ಕೊಡಲು? ನನಗೆ ಕಾಣುವ ವ್ಯತ್ಯಾಸ ಇಷ್ಟೇ: ಡೆನ್ಮಾರ್ಕಿನ ವಿನಾಯಿತಿಗಳ ಬಗ್ಗೆ ಮತ್ತೆ ಮತ್ತೆ ಜನರನ್ನೇ ಕೇಳಿದರು, ಇಟ್ಟುಕೊಂಡದ್ದೂ ಬಿಟ್ಟದ್ದೂ ಅವರದೇ ಮಾತು. ಬ್ರಿಟನ್ನಿನಲ್ಲಿ ಪ್ರಧಾನಿಗಳು ಚೌಕಾಸಿ ಮಾಡಿ ತಂದು ಮನೆಯವರ ಮುಂದೆ ಗೆಲುವೆಂದು ತೋರಿಸಿದರು. ಪ್ರತಿ ಸಲವೂ ಏನು ತಪ್ಪಿಸಿಕೊಂಡೆವು ಎಂಬುದನ್ನೇ ಕೇಳುತ್ತ ಬೆಳೆದ ಮಕ್ಕಳು ಆ ನೆಂಟಸ್ತಿಕೆ ಒಂದು ಪೀಡೆಯೆಂದು ತಿಳಿದರೆ ಆಶ್ಚರ್ಯವೇನು?

ಇದರ ಪಕ್ಕದಲ್ಲಿ ನಾರ್ವೆಯನ್ನಿಟ್ಟು ನೋಡಬೇಕು. 1972ರಲ್ಲೊಮ್ಮೆ, 1994ರಲ್ಲೊಮ್ಮೆ ಅಲ್ಲಿನ ಜನ ಒಕ್ಕೂಟ ಬೇಡವೆಂದರು. ಆದರೂ ಮಾರುಕಟ್ಟೆಯ ಒಪ್ಪಂದದಿಂದಾಗಿ ಒಕ್ಕೂಟದ ಬಹುಪಾಲು ವಾಣಿಜ್ಯ ನಿಯಮಗಳನ್ನು ನಾರ್ವೆ ತನ್ನ ಕಾನೂನಾಗಿ ಮಾಡಿಕೊಳ್ಳುತ್ತದೆ, ಬಡ ಸದಸ್ಯರಿಗೆ ಹಣವನ್ನೂ ಕೊಡುತ್ತದೆ. ನಿಯಮ ಮಾಡುವಾಗ ಮತವಿಲ್ಲ. ಮೀನುಗಾರಿಕೆ ಮತ್ತು ಬೇಸಾಯವನ್ನು ತನ್ನ ಕೈಯಲ್ಲೇ ಇಟ್ಟುಕೊಂಡ ಸಮಾಧಾನ ಇದೆ. ಪ್ರಜಾಪ್ರಭುತ್ವದ ಪಾಠ ಹೇಳುವಾತನಿಗೆ ಇದು ಗಂಟಲಲ್ಲಿ ಇಳಿಯದ ತುತ್ತು. ಆದರೂ ನಾರ್ವೆಯವರು ಕಣ್ಣು ತೆರೆದುಕೊಂಡೇ ಒಪ್ಪಿದ್ದಾರೆ. ಸೇರುವ ದಾರಿಯೂ ಮುಚ್ಚಿಲ್ಲ. ಹಾಗಾಗಿ ನಾನು ಅದನ್ನು ಅನ್ಯಾಯವೆನ್ನುವುದಿಲ್ಲ, ದುಬಾರಿ ಹಟವೆನ್ನುತ್ತೇನೆ.

ಹಾಗಾದರೆ ಎಲ್ಲವನ್ನೂ ಬಿಡಬಹುದೆ, ಒಪ್ಪಿಗೆಯೊಂದಿದ್ದರೆ ಸಾಕೆ? ಸಾಲದು. ಒಂದನ್ನು ಬಿಡುವಂತಿಲ್ಲ, ಅದು ನ್ಯಾಯಾಲಯ. ಡೆನ್ಮಾರ್ಕಿನ ಒಲ್ಲೆ ನಿಂತಿರುವುದು ಕಾಗದದ ಮೇಲೆ. ಆ ಕಾಗದಕ್ಕೆ ಅರ್ಥ ಹೇಳುವ ನ್ಯಾಯಾಧೀಶ ಯಾರ ಜೇಬಿನಲ್ಲೂ ಇಲ್ಲ ಎಂಬ ನಂಬಿಕೆ ಇರುವುದರಿಂದ ಅದಕ್ಕೆ ಬೆಲೆ. ಪೋಲೆಂಡಿನಲ್ಲಿ ಆಳುವವರು ನ್ಯಾಯಾಂಗವನ್ನು ಕೈವಶ ಮಾಡಿಕೊಳ್ಳಹೊರಟಾಗ, ಹಂಗೇರಿಯಲ್ಲಿ ಅದೂ ಪತ್ರಿಕೆಗಳೂ ವಿಶ್ವವಿದ್ಯಾಲಯಗಳೂ ಒಂದೊಂದಾಗಿ ಬಾಗತೊಡಗಿದಾಗ 'ಇದು ನಮ್ಮ ಸಂಸ್ಕೃತಿ, ನಮ್ಮ ರೀತಿ, ನಮಗೂ ಸಡಿಲಿಕೆ ಕೊಡಿ' ಎಂಬ ಧಾಟಿಯ ವಾದ ಕೇಳಿಬಂತು. 2017ರಲ್ಲಿ ಪೋಲೆಂಡಿನ ಮೇಲೆ, 2018ರಲ್ಲಿ ಹಂಗೇರಿಯ ಮೇಲೆ ಒಪ್ಪಂದದ ಏಳನೆಯ ವಿಧಿಯ ಪ್ರಕಾರ ಕ್ರಮ ಶುರುವಾಯಿತು. ಕೊನೆಯ ತೀರ್ಮಾನಕ್ಕೆ ಉಳಿದೆಲ್ಲರ ಒಪ್ಪಿಗೆ ಬೇಕು. ಇಬ್ಬರೂ ಒಬ್ಬರಿಗೊಬ್ಬರು ಕಾವಲು ನಿಂತದ್ದರಿಂದ ಅದು ಮುಂದೆ ಸಾಗಲಿಲ್ಲ. ಬೇರೆ ಒಲೆ ಹೂಡಲಿ, ಬೇಡವೆನ್ನುವುದಿಲ್ಲ. ಆದರೆ ಪಾಲು ಪಂಚಾಯಿತಿಯ ಪಂಚರನ್ನು ತಾನೇ ನೇಮಿಸುತ್ತೇನೆ ಎನ್ನುವ ತಮ್ಮನ ಜೊತೆ ಯಾವ ಮನೆಯೂ ನಡೆಯುವುದಿಲ್ಲ.

ಈಗ ಬಾಗಿಲ ಹೊರಗೆ ಇನ್ನೊಂದು ಸಾಲಿದೆ. 2023ರ ಸೆಪ್ಟೆಂಬರಿನಲ್ಲಿ ಫ್ರಾನ್ಸ್ ಮತ್ತು ಜರ್ಮನಿ ಸರಕಾರಗಳು ಕೂಡಿಸಿದ ಹನ್ನೆರಡು ಮಂದಿ ತಜ್ಞರು ಮುಂದಿನ ಯೂರೋಪನ್ನು ನಾಲ್ಕು ವೃತ್ತಗಳಾಗಿ ಕಲ್ಪಿಸಿ ವರದಿ ಕೊಟ್ಟರು. ತೀರ ಒಳಗೆ ಬಿಗಿಯಾದ ಕೂಟ, ತೀರ ಹೊರಗೆ ಸಡಿಲ ಸ್ನೇಹ. ಹೊಸಬರನ್ನು ಮೊದಲು ಮಾರುಕಟ್ಟೆಗೆ ಬಿಟ್ಟುಕೊಂಡು, ಮತದ ಪೂರ್ಣ ಹಕ್ಕನ್ನು ಆಮೇಲೆ ನೋಡೋಣ ಎಂಬ ಮಾತೂ ಕೇಳಿಬರುತ್ತಿದೆ. ಉಕ್ರೇನು, ಮಾಲ್ಡೋವಗಳಿಗೆ ಇದು ಇಲ್ಲದಿರುವುದಕ್ಕಿಂತ ಮೇಲು ಎನ್ನಿಸಬಹುದು. ಇವುಗಳಿಗಿಂತ ಬಹಳ ಮುಂಚೆ ಸಾಲಿಗೆ ಬಂದ ಮ್ಯಾಸಿಡೋನಿಯದ ಕತೆ ಮಾತ್ರ ನನ್ನ ಮನಸ್ಸಿನಿಂದ ಹೋಗುವುದಿಲ್ಲ. 2005ರ ಡಿಸೆಂಬರಿನಲ್ಲಿ ಅದನ್ನು ಅಭ್ಯರ್ಥಿಯೆಂದು ಒಪ್ಪಿದರು. ಹೆಸರು ಸರಿಯಿಲ್ಲವೆಂದು ಗ್ರೀಸ್ ವರ್ಷಗಟ್ಟಲೆ ತಡೆಯಿತು. 2019ರಲ್ಲಿ ಆ ದೇಶ ತನ್ನ ಹೆಸರನ್ನೇ ಉತ್ತರ ಮ್ಯಾಸಿಡೋನಿಯ ಎಂದು ಬದಲಿಸಿಕೊಂಡಿತು. ಅದೇ ಅಕ್ಟೋಬರಿನಲ್ಲಿ ಫ್ರಾನ್ಸ್ ಬೇಡವೆಂದಿತು. ಅದು ಮುಗಿಯಿತೆನ್ನುವಾಗ, 2020ರ ನವೆಂಬರಿನಲ್ಲಿ, ಭಾಷೆ ಮತ್ತು ಇತಿಹಾಸದ ತಕರಾರು ತೆಗೆದು ಇನ್ನೊಂದು ದೇಶ ಅಡ್ಡ ನಿಂತಿತು. ಆ ದೇಶ ಬಲ್ಗೇರಿಯ. ಆಗ ಅದು ತಾನೇ ಷೆಂಗೆನ್ನಿನ ಬಾಗಿಲ ಹೊರಗೆ ಹತ್ತನೆಯ ವರ್ಷ ಕಾಯುತ್ತಿತ್ತು. ಸ್ಕೋಪ್ಯೆ ನಗರದಲ್ಲಿ 2005ರಲ್ಲಿ ಹುಟ್ಟಿದ ಮಕ್ಕಳಿಗೆ ಈಗ ಮತ ಹಾಕುವ ವಯಸ್ಸು ದಾಟಿದೆ.